ಗುಲಾಬಿ ಹಲಗೆಗಳ ಗೂಡು

ಅತ್ತೆ ತೀರಿಕೊಂಡ ಮೇಲೆ ಮಾವ ಏಳು ತಿಂಗಳು ಗರಗಸ ಮುಟ್ಟಿರಲಿಲ್ಲ. ನಮ್ಮೂರು ಹಲಗೇರಿಯ ಎಷ್ಟೋ ಮನೆಗಳ ಬಾಗಿಲು ಅವರ ಕೈಯಲ್ಲೇ ಆದದ್ದು. ಅಂಥವರು ಒಂದು ಮುಂಜಾನೆ ರಾಣೆಬೆನ್ನೂರಿನಿಂದ ಹಳೆಯ ಹಲಗೆ ಹೇರಿಕೊಂಡು ಬಂದು, "ಕೋಳಿಗೆ ಗಾಲಿ ಗೂಡು ಮಾಡೂಣವ್ವಾ. ದಿನಾ ಒಂದೀಟು ದೂಡಿದ್ರ ಹೊಲದ ತುಂಬ ಮೇಯತಾವು," ಎಂದಾಗ ನನಗೆ ಹೋದ ಜೀವ ಬಂದಂತಾಯಿತು.

ಅವು ಕೆಡವಿದ ಬೀಜದ ಗೋದಾಮೊಂದರ ಹಲಗೆಗಳು. ಅಲ್ಲಲ್ಲಿ ಗುಲಾಬಿ ಬಣ್ಣ ಹಿಡಿದಿತ್ತು. ಹತ್ತಿರ ಹೋದರೆ ಮೂಗಿಗೆ ಅಡರುವ ಕಟುವಾದ ವಾಸನೆ. ಕೊರೊನಾ ಬಂದು ಹೋದಾಗಿನಿಂದ ಮಾವನಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಹಾಲು ಸೀದರೂ ನಾನೇ ಹೇಳಬೇಕಿತ್ತು.

"ಈ ಗುಲಾಬಿ ಏನ್ರಿ ಮಾವಾ?"

"ಯಾವ್ದೋ ಬಣ್ಣ ಇರಬೇಕು. ಈ ತುದಿ ಹಿಡಿ."

ಹಿಡಿದೆ. ಅವರು ಪೆನ್ಸಿಲ್ ಕಿವಿಗೆ ಸಿಗಿಸಿಕೊಂಡು, ಒಂದು ಕಣ್ಣು ಮುಚ್ಚಿ ಹಲಗೆಯ ಸೊಟ್ಟ ನೋಡುತ್ತಿದ್ದರು. ವಾಸನೆಯ ಮಾತು ಬಾಯಿಗೆ ಬಂದರೂ ನುಂಗಿಕೊಂಡೆ.

ಸೈಕಲ್ಲಿನ ಎರಡು ಗಾಲಿ, ಯಾರದೋ ಮನೆಯ ಕಿಟಕಿಯ ಜಾಲರಿ, ತುಕ್ಕು ಹಿಡಿದ ತಗಡು. ಮೂರು ದಿನದಲ್ಲಿ ಗೂಡು ನಿಂತಿತು. ನಮ್ಮ ಒಂಬತ್ತು ಕೋಳಿಗಳಲ್ಲಿ ಒಂದೂ ತಾನಾಗಿ ಒಳಗೆ ಹೋಗಲಿಲ್ಲ. "ಹೊಸಾದು, ಹೆದರತಾವು," ಎಂದರು ಮಾವ. ಒಂದೊಂದನ್ನೇ ಹಿಡಿದು ತಳ್ಳಿದೆ.

ಹದಿನೈದು ದಿನ ಏನೂ ಆಗಲಿಲ್ಲ. ಬ್ಯಾಡಗಿಯಲ್ಲಿರುವ ನನ್ನ ತಂಗಿ ಆರು ತಿಂಗಳ ಬಸುರಿ. ಈ ಕೋಳಿಗಳದೇ ಒಂದು ಡಬ್ಬಿ ಮೊಟ್ಟೆ ಒಯ್ದು ಕೊಟ್ಟು ಬಂದೆ.

ಆಮೇಲೆ ಮಳೆ ಹಿಡಿಯಿತು. ನೆನೆದ ಹಲಗೆಗಳಿಂದ ತೆಳು ಗುಲಾಬಿ ನೀರು ಇಳಿದು ಕೋಳಿಗಳು ಕುಡಿಯುವ ಬೋಗುಣಿಗೆ ಬೀಳುತ್ತಿತ್ತು. ಮರುದಿನ ಒಂದು ಕೋಳಿ ಕತ್ತು ಇಳಿಬಿಟ್ಟು ನಿಂತಿತ್ತು, ಕೊಕ್ಕಿನಿಂದ ಜೊಲ್ಲು. ಪಕ್ಕದ ಮನೆಯಾಕೆ ನೋಡಿ, "ರೋಗ ಬಂದೈತಿ ತಗೊ," ಎಂದಳು. ಮೂರನೆಯ ದಿನಕ್ಕೆ ಏಳು ಸತ್ತವು.

ಹಾವೇರಿಯಿಂದ ಬಂದ ದನದ ಡಾಕ್ಟರು ಸತ್ತ ಕೋಳಿಗಿಂತ ಹೆಚ್ಚು ಹೊತ್ತು ಗೂಡನ್ನು ನೋಡಿದರು. ಬಗ್ಗಿ ಮೂಸಿ, ಥಟ್ಟನೆ ಹಿಂದೆ ಸರಿದರು.

"ಇದು ಬಿತ್ತನಿ ಬೀಜಕ್ಕ ಹುಳ ಹತ್ತಬಾರದಂತ ಹಚ್ಚೂ ವಿಷದ ಔಷಧ ಕಾಣತೈತ್ರಿ, ಗುರುತಿಗೆ ಗುಲಾಬಿ ಬಣ್ಣ ಕೂಡಿಸಿರತಾರ. ಗೂಡು ಬಿಚ್ಚರಿ, ಹಲಗಿ ಸುಡಬ್ಯಾಡ್ರಿ, ಹೊಗಿನೂ ವಿಷ. ಮೊಟ್ಟೀನೂ ತಿನ್ನಬ್ಯಾಡ್ರಿ."

ಒಳಗೆ ಹೋಗಿ ತಂಗಿಗೆ ಫೋನ್ ಮಾಡಿದೆ.

"ಮೊಟ್ಟಿ ನಿನ್ನೆನ ಮುಗದಾವಕ್ಕ. ಯಾಕ?"

ಹೇಳಿದೆ. ಆ ಕಡೆ ಮಿಕ್ಸರ್ ಸದ್ದು ನಿಂತಿತು. ಅವಳು ಫೋನ್ ಇಟ್ಟಳು.

ಮಾವ ಮುಖಕ್ಕೆ ಟವೆಲ್ ಸುತ್ತಿಕೊಂಡು ಮೊಳೆ ಕೀಳುತ್ತಿದ್ದರು. ತಲೆ ಎತ್ತದೆ ಕೇಳಿದರು, "ನಿನಗ ವಾಸನಿ ಬಂದಿತ್ತೇನವ್ವಾ?"

"ಬಂದಿತ್ರಿ. ನೀವು ಭಾಳ ದಿನದ ಮ್ಯಾಲೆ ಕೆಲಸಕ್ಕ ಕುಂತಿದ್ರಿ, ಹೇಳಾಕ ಮನಸಾಗಲಿಲ್ಲ."

ಅವರು ಮುಂದಿನ ಮೊಳೆಗೆ ಸುತ್ತಿಗೆಯ ಬಾಲ ಸಿಗಿಸಿ ಎಳೆದರು. ಆ ದಿನ ಅವರು ನನ್ನ ಕೈಯಿಂದ ಚಹಾ ತೆಗೆದುಕೊಳ್ಳಲಿಲ್ಲ, ಮರುದಿನ ತೆಗೆದುಕೊಂಡರು. ಹಲಗೆಗಳನ್ನು ತಾಡಪತ್ರಿಯಲ್ಲಿ ಸುತ್ತಿ ಹಿತ್ತಲ ಮೂಲೆಗೆ ಇಟ್ಟೆವು. ಒಯ್ಯುವವರು ಸಿಗದೆ ಇನ್ನೂ ಅಲ್ಲೇ ಇವೆ.

ತಂಗಿಗೆ ಹೆಣ್ಣು ಮಗುವಾಯಿತು. ಕೂಸು ಚೆನ್ನಾಗಿದೆ ಎಂದೇ ಡಾಕ್ಟರು ಹೇಳಿದರು. ಆದರೆ ಅದಕ್ಕೆ ಜ್ವರ ಬಂದಾಗ ತಂಗಿ ನನಗೆ ತಿಳಿಸುವುದಿಲ್ಲ. ಎರಡು ಮೂರು ದಿನ ಕಳೆದ ಮೇಲೆ ಅವ್ವನಿಂದ ಗೊತ್ತಾಗುತ್ತದೆ.