ಶುಕ್ರವಾರ ಏಳು ಗಂಟೆಯ ಮಾತ್ರೆ

ನಂಬಲಾಗದ ಸಂಗತಿ ಹೇಳುವವರೆಂದರೆ ನನಗೆ ಮೊದಲಿಂದಲೂ ಸಸಾರ. ಮೂವತ್ತೆರಡು ವರ್ಷ ಶಾಲೆಯ ಗಂಟೆಗೆ ತಕ್ಕಂತೆ ಬದುಕಿದವಳು ನಾನು. ಯಾರಾದರೂ ಇಂಥ ಕಥೆ ತೆಗೆದರೆ, ನಿದ್ದೆಗೆಟ್ಟಿರಬೇಕು ಎಂದು ಎದ್ದುಹೋಗುತ್ತಿದ್ದೆ. ಇಂದು ನನ್ನ ಬಗ್ಗೆ ನೀವು ಹಾಗೆಂದರೂ ಬೇಸರವಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ. ನಿವೃತ್ತಳಾಗಿ ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ನೆಲಮಹಡಿಯ ಮನೆಯೊಂದರಲ್ಲಿ ಒಬ್ಬಳೇ ಇದ್ದೆ. ನನಗೆ ಕೆಮ್ಮು ಬಂದರೆ ಬೀದಿಯ ತುದಿಯಲ್ಲೇ ಡಾಕ್ಟರು. ರೈಲುಹಳಿಯಾಚೆಯ ಗುಡಿಸಲಿನವರು ಕ್ಷಯದ ಮಾತ್ರೆಗೆ ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಯಲ್ಲಿ ಸಾಲು ನಿಲ್ಲಬೇಕು. ಅದನ್ನು ತಪ್ಪಿಸಲೆಂದು ಆರೋಗ್ಯ ಕಾರ್ಯಕರ್ತೆ ಶಾಂತಿ, ಹೂ ಮಾರುವ ಕನ್ನಿಯಮ್ಮನ ಮಾತ್ರೆ ಡಬ್ಬಿಯನ್ನು ನನ್ನ ಮನೆಯಲ್ಲಿಟ್ಟಳು. ವಾರಕ್ಕೆ ಮೂರು ದಿನ ಕನ್ನಿಯಮ್ಮ ಬಂದು ನನ್ನ ಕಣ್ಣೆದುರೇ ನುಂಗಬೇಕು. ಕೈಗೆ ಕೊಟ್ಟು ಕಳಿಸುವಂತಿಲ್ಲ. ತಪ್ಪುತ್ತ ಹೋದರೆ ರೋಗ ಮರುಕಳಿಸುತ್ತದೆ, ಆಮೇಲೆ ಆ ಮಾತ್ರೆಗೂ ಬಗ್ಗದು.

ಬೆಳಗ್ಗೆ ಏಳರಿಂದ ಏಳೂವರೆ ಎಂದು ಹೊತ್ತು ಗೊತ್ತುಮಾಡಿದೆ. ಅವಳು ಗ್ರಿಲ್ಲಿನಾಚೆಯೇ ನಿಲ್ಲುವಳು. ಅವಳಿಗೆಂದೇ ಕಿಟಕಿಯ ಕಟ್ಟೆಯ ಮೇಲೆ ಬೇರೆ ಲೋಟ. ಸೋಂಕಿನ ಭಯ ಎಂದುಕೊಂಡಿದ್ದೆ. ಬರೀ ಅದೇ ಆಗಿತ್ತೇ ಎಂದು ಕೇಳಬೇಡಿ. ಹೊಸೂರಿನ ಕಡೆಯವಳು, ತಮಿಳು ಬೆರೆತ ಕನ್ನಡ ಅವಳದು. ಎಷ್ಟೋ ದಿನ ನನ್ನೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದವಳು ಅವಳೊಬ್ಬಳೇ.

ಒಂದು ಬುಧವಾರ ಎಂಟೂವರೆಗೆ ಓಡಿಬಂದಳು. ನೀರಿನ ಲಾರಿ ತಡವಾಯಿತಂತೆ.

"ಏಳೂವರೆ ಅಂದ್ರೆ ಏಳೂವರೆ," ಎಂದೆ.

"ನಿಮ್ಮ ವಾಚ್ ನೋಡ್ಕೊಂಡು ತಣ್ಣಿ ಲಾರಿ ಬರ್ತದಾ, ಟೀಚರಮ್ಮಾ?" ಎಂದು ನಕ್ಕಳು.

ನಾನು ನಗಲಿಲ್ಲ. ಮಾತ್ರೆ ಕೊಡದೆ, ಶುಕ್ರವಾರ ಸರಿಯಾಗಿ ಬಾ ಎಂದು ಬಾಗಿಲು ಹಾಕಿಕೊಂಡೆ.

ಶುಕ್ರವಾರ ಏಳಕ್ಕೆ ಸರಿಯಾಗಿ ಗ್ರಿಲ್ಲಿನಾಚೆ ನಿಂತಿದ್ದಳು. ಮಾತಿಲ್ಲ. ಮಾತ್ರೆ ಕೊಟ್ಟೆ, ನುಂಗಿದಳು, ಹೋದಳು. ಶಾಂತಿ ಕೊಟ್ಟಿದ್ದ ಕಾರ್ಡಿನಲ್ಲಿ ಗುರುತು ಹಾಕಿದೆ. ಕಿಟಕಿಯ ಲೋಟ ಒಣಗಿಯೇ ಇದ್ದದ್ದು ಆಮೇಲೆ ಕಣ್ಣಿಗೆ ಬಿತ್ತು.

ಶನಿವಾರ ಶಾಂತಿ ಬಂದಳು. ಕನ್ನಿಯಮ್ಮ ಗುರುವಾರದಿಂದ ಜ್ವರದಲ್ಲಿ ಮಲಗಿದ್ದಾಳೆ, ಎದ್ದು ನಿಲ್ಲಲೂ ಆಗುತ್ತಿಲ್ಲ, ಎರಡು ಸಲದ ಮಾತ್ರೆ ತಪ್ಪಿತಲ್ಲ ಎಂದಳು. ನಾನು ಶುಕ್ರವಾರದ ಮಾತ್ರೆ ತೆಗೆದ ಖಾಲಿ ಪಟ್ಟಿ ತೋರಿಸಿದೆ. ಅವಳು ಅದನ್ನು ನೋಡಿದಳು, ನನ್ನನ್ನೂ ನೋಡಿದಳು.

ಅಂದು ಮೊದಲ ಬಾರಿಗೆ ಹಳಿ ದಾಟಿದೆ. ನನ್ನ ಮನೆಯಿಂದ ಆರು ನಿಮಿಷದ ದಾರಿ. ಗುಡಿಸಲಿನಲ್ಲಿ ಚಾಪೆಯ ಮೇಲೆ ಮಲಗಿದ್ದ ಕನ್ನಿಯಮ್ಮ ನನ್ನನ್ನು ಕಂಡು ಬೆರಗಾಗಲಿಲ್ಲ.

"ನಿನ್ನೆ ಕೂತಲ್ಲೇ ಕೂತ್ಕೊಳ್ಳಿ," ಎಂದಳು. "ಒಂದು ಮಾತೂ ಆಡದೆ ಮಾತ್ರೆ ನುಂಗಿಸಿ ಹೋದ್ರಲ್ಲ. ಇನ್ನೂ ಕೋಪಂ ಹೋಗಿಲ್ವಾ ಅಮ್ಮಾ?"

ಅವಳ ತಲೆಯ ಬಳಿ ಒಂದು ಸ್ಟೀಲ್ ಲೋಟವಿತ್ತು. ಎತ್ತಿ ನೋಡಿದೆ. ಅಂಚಿನ ಕೆಳಗೆ ಕನ್ನಡದಲ್ಲಿ ಕೊರೆಸಿದ ನನ್ನ ಅಮ್ಮನ ಹೆಸರು. ನಾನು ದಿನವೂ ಕಾಫಿ ಕುಡಿಯುವ ಲೋಟ. ಹಿಂದಿನ ದಿನದಿಂದ ಅಡುಗೆಮನೆಯಲ್ಲಿ ಹುಡುಕುತ್ತಿದ್ದೆ. ಅಕ್ಕಪಕ್ಕದ ಗುಡಿಸಲಿನವರನ್ನು ಕೇಳಿದೆ. ಆ ಹೊತ್ತಿಗೆ ಎಲ್ಲರೂ ಲಾರಿಯ ಬಳಿ ಇದ್ದರಂತೆ. ಯಾರೂ ನನ್ನನ್ನು ಕಂಡಿರಲಿಲ್ಲ.

ಅವಳು ಏಳುವವರೆಗೆ ನಾನೇ ಹೋಗಿ ಮಾತ್ರೆ ಕೊಟ್ಟೆ. ಕನ್ನಿಯಮ್ಮ ಗುಣವಾದಳು. ಡಬ್ಬಿ ಖಾಲಿಯಾಯಿತು, ಅವಳು ಬರುವುದೂ ನಿಂತಿತು.

ಬೀದಿಯ ತುದಿಯ ಡಾಕ್ಟರು ವಯಸ್ಸಿನ ಮರೆವು ಎಂದರು. ಇರಬಹುದು. ಆದರೆ ನಾನು ಹೋಗಿದ್ದರೆ ಗ್ರಿಲ್ಲಿನಾಚೆ ನಿಂತದ್ದು ಯಾರು? ಅವಳು ಬಂದಿದ್ದರೆ ಆ ಲೋಟ ಹಳಿ ದಾಟಿದ್ದು ಹೇಗೆ? ಈಗಲೂ ಏಳಕ್ಕೆ ಗ್ರಿಲ್ಲಿನ ಬೀಗ ತೆಗೆಯುತ್ತೇನೆ. ಏಳೂವರೆಗೆ ಹಾಕುವುದನ್ನು ಮಾತ್ರ ಬಿಟ್ಟಿದ್ದೇನೆ.