ಎಂಟು ಮಾತ್ರೆಯ ಜಾಗ

ಎದುರಿಗೆ ಕೂತು ಯಾರು ಮಾತಾಡಿದರೂ ಬಾಳಪ್ಪ ಮಾಸ್ತರರ ಬಲಗೈ ಬೆರಳು ಅವರ ತೊಡೆಯ ಮೇಲೆ ಆಡತೊಡಗುತ್ತಿತ್ತು. ಮೊದಲ ಸಲ ನೋಡಿದವರು ಇವರಿಗೆ ಏನೋ ನರದ ಬೇನೆ ಎಂದುಕೊಳ್ಳುತ್ತಿದ್ದರು. ಅದು ಬೇನೆಯಲ್ಲ, ಎಣಿಕೆ. ಎದುರಿನವರ ಮಾತು ಎಷ್ಟು ಮಾತ್ರೆಯ ತಾಳಕ್ಕೆ ಮುಗಿಯುತ್ತದೆ ಎಂದು ಅಳೆಯುತ್ತಿದ್ದರು. ಉತ್ತರ ಕೊಡುವ ಮೊದಲು ಆ ಅಳತೆಯನ್ನು ಹೇಳುತ್ತಿದ್ದರು. ಒಮ್ಮೆ ತೋಟದಿಂದ ಅವರ ತಮ್ಮ ಏದುಸಿರು ಬಿಡುತ್ತ ಮನೆಗೆ ಬಂದು, "ಅಣ್ಣಾ, ದ್ರಾಕ್ಷಿ ಹಂದರ ಬಿದ್ದೈತಿ, ಲಗೂನ ಬಾ" ಎಂದ. ಮಾಸ್ತರರು "ಹನ್ನೆರಡ ಮಾತ್ರಿ. ಛಲೋ ಹೇಳ್ದಿ" ಎಂದು, ಆಮೇಲೆ ಚಪ್ಪಲಿ ಹುಡುಕಿದ್ದನ್ನು ನಾನೇ ಕಂಡಿದ್ದೇನೆ. ಅವರ ಹೆಂಡತಿ ಶಾಂತಕ್ಕನವರ ಬೈಗುಳ ಮಾತ್ರ ಸರಿಯಾಗಿ ಹದಿನಾರು ಮಾತ್ರೆಗೆ ಮುಗಿಯುತ್ತಿತ್ತಂತೆ. "ಮೂವತ್ತ ವರ್ಷದಾಗ ಒಂದ ದಿನಾನೂ ತಾಳ ತಪ್ಪಿಲ್ಲ ನೋಡ್ರಿ" ಎಂದು ಅಭಿಮಾನದಿಂದ ಹೇಳುತ್ತಿದ್ದರು.

ಅವರದು ಐಗಳಿಯಲ್ಲಿ ಕಬ್ಬು, ದ್ರಾಕ್ಷಿ ಬೆಳೆಯುವ ಮನೆತನ. ಅಂಥ ಮನೆಯ ಹಿರಿಯ ಮಗ ಕ್ಲಾರಿನೆಟ್ ಹಿಡಿದು ಅಥಣಿಯ ಬ್ಯಾಂಡಿನವರ ಜೊತೆ ಮದುವೆ ಮದುವೆ ತಿರುಗಿದ್ದು ತಂದೆಗೆ ಕೊನೆಯವರೆಗೂ ಸೇರಲಿಲ್ಲ. ನಮ್ಮ ಕಡೆ ತುಂಬಿದ ವಯಸ್ಸಿನಲ್ಲಿ ತೀರಿಕೊಂಡವರನ್ನು ಅಲಂಕರಿಸಿ ಕೂರಿಸಿ, ಗುಲಾಲು ಹಾರಿಸಿ, ಹಲಗೆ ವಾಜಂತ್ರಿಯೊಡನೆ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ತಂದೆಯ ಮೆರವಣಿಗೆಯ ಮುಂದೆ ಮಾಸ್ತರರೇ ಕ್ಲಾರಿನೆಟ್ ನುಡಿಸುತ್ತ ನಡೆದರು. ಅಳು ಬರಲಿಲ್ಲವೇ ಎಂದು ನಾನೊಮ್ಮೆ ಕೇಳಿದೆ. "ಅತ್ತರ ಊದಾಕ ಉಸುರು ಸಾಲೂದಿಲ್ರಿ. ಮನಿಗೆ ಬಂದು ಅತ್ನಿ" ಎಂದರು.

ನನ್ನದು ಆಗ ನಿಪ್ಪಾಣಿಯಲ್ಲೊಂದು ರೆಕಾರ್ಡಿಂಗ್ ಕೋಣೆ. ಕೋಣೆ ಎಂದರೆ ತಂಬಾಕಿನ ಗೋದಾಮಿನ ಒಂದು ಮೂಲೆ. ಭಜನೆಯ ಕ್ಯಾಸೆಟ್ಟು, ಚುನಾವಣೆಯ ಪ್ರಚಾರ, ಕಳೆದುಹೋದ ಎಮ್ಮೆಯ ಪ್ರಕಟಣೆ, ಎಲ್ಲವನ್ನೂ ಒಂದೇ ಭಕ್ತಿಯಿಂದ ಮಾಡಿಕೊಡುತ್ತಿದ್ದೆ. ತೊಂಬತ್ತರ ದಶಕದ ಆರಂಭದಲ್ಲಿ ಬೆಂಗಳೂರಿನ ನಿರ್ದೇಶಕರೊಬ್ಬರು ಚಿಕ್ಕೋಡಿಯ ಹಳೆಯ ವಾಡೆಯೊಂದರಲ್ಲಿ ಹದಿಮೂರು ಕಂತಿನ ಟಿ.ವಿ. ಧಾರಾವಾಹಿ ತೆಗೆದರು. ಇಲ್ಲಿಯ ಕಥೆಗೆ ಇಲ್ಲಿಯದೇ ಸಂಗೀತವಿರಲಿ ಎಂದು ಹಿನ್ನೆಲೆ ಸಂಗೀತವನ್ನು ಮಾಸ್ತರರಿಗೂ ನನಗೂ ಒಪ್ಪಿಸಿದರು. ಪ್ರತಿ ಕಂತಿನ ವಿಡಿಯೋ ಕ್ಯಾಸೆಟ್ಟು ಬಸ್ಸಿನಲ್ಲಿ ಬರುತ್ತಿತ್ತು. ಮಾಸ್ತರರು ಅದನ್ನು ನೋಡಿ ಸಂಗೀತ ಕಟ್ಟುತ್ತಿದ್ದರು. ನಾನು ಅದನ್ನು ಧ್ವನಿಮುದ್ರಿಸಿ, ನಟರ ಮಾತಿನ ಜೊತೆ ಬೆರೆಸಿ, ಮತ್ತೆ ಬಸ್ಸಿಗೆ ಹಾಕುತ್ತಿದ್ದೆ. ಮಿಕ್ಸರಿನ ಗುಂಡಿ ತಿರುಗಿಸುತ್ತಿದ್ದ ನನಗೆ ಅವರಿಟ್ಟ ಹೆಸರು ಗುಂಡಿ ಮಾಸ್ತರ.

ದೃಶ್ಯದಲ್ಲಿ ಯಾರು ಅಳುತ್ತಾರೆ, ಯಾರು ನಗುತ್ತಾರೆ ಎಂಬುದು ಅವರಿಗೆ ಆಮೇಲಿನ ವಿಷಯ. ಮೊದಲು ಟಿ.ವಿ.ಗೆ ಬೆನ್ನು ಹಾಕಿ ಕೂತು ಬರೀ ಮಾತು ಕೇಳುತ್ತಿದ್ದರು. ಬೆರಳು ತೊಡೆಯ ಮೇಲೆ ಓಡುತ್ತಿತ್ತು. "ಮಾತು ಮನಿ ಮಾಲಕ, ನಾವು ಬಾಡಿಗಿಯವ್ರು. ಮಾಲಕ ಒಳಗ ಬಂದ್ರ ಎದ್ದು ನಿಂದರಬೇಕು" ಎನ್ನುತ್ತಿದ್ದರು. ಹಾಗಾಗಿ ನಟರು ಮಾತಾಡುವಷ್ಟು ಮಾತ್ರೆ ಅವರ ಮೇಳದವರೆಲ್ಲ ಕೈ ಕಟ್ಟಿ ಕೂರಬೇಕಿತ್ತು. ಮಾತು ಬಂದಲ್ಲಿ ಸಂಗೀತವನ್ನು ಇಳಿಸುವುದಕ್ಕೇ ಗುಂಡಿ ಇದೆಯಲ್ಲ, ನುಡಿಸುವುದನ್ನೇ ಯಾಕೆ ನಿಲ್ಲಿಸುತ್ತೀರಿ ಎಂದು ಕೇಳಿದೆ.

"ಗುಂಡಿ ಐತಿ ಖರೆ, ಗುಂಡಿ ಮಾಸ್ತರ್ರ. ಅದನ್ನ ತಿರುವಾವ್ರ ಮ್ಯಾಲ ನನಗ ನಂಬಿಕಿಲ್ಲ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಗೋದಾಮಿನ ತಂಬಾಕಿನ ಚೀಲಗಳೇ ನಮ್ಮ ಕೋಣೆಯ ಗೋಡೆ. ಹೆದ್ದಾರಿಯ ಲಾರಿಗಳ ಸದ್ದನ್ನು ಅವು ಚೆನ್ನಾಗಿ ತಡೆಯುತ್ತಿದ್ದವು. ತೊಂದರೆ ಎಂದರೆ, ಕುಡಚಿಯಿಂದ ಬರುತ್ತಿದ್ದ ಕೊಳಲಿನ ದಸ್ತಗೀರ್ ಚಾಚಾ ಗಂಟೆಗೆ ಹತ್ತು ಸಲ ಸೀನುತ್ತಿದ್ದರು. ಒಂದು ಸೀನು ಮೂರನೇ ಕಂತಿನಲ್ಲಿ ಹಾಗೇ ಉಳಿದು ನಾಡಿಗೆಲ್ಲ ಪ್ರಸಾರವಾಯಿತು. ಯಾರೂ ಏನೂ ಅನ್ನಲಿಲ್ಲ. ಆ ದೃಶ್ಯದಲ್ಲಿ ನಾಯಕನಿಗೆ ಹೇಗೂ ನೆಗಡಿಯಾಗಿತ್ತು. ಮುಂದೆ ತಂಬಾಕಿನ ಮಾರಾಟ ಶುರುವಾಗಿ ಚೀಲಗಳು ಒಂದೊಂದೇ ಹೊರಬಿದ್ದವು, ಕೋಣೆ ಗುಂಯ್‌ಗುಡತೊಡಗಿತು. ನಾವು ಗಾಬರಿಯಾಗಿದ್ದಾಗ ನಿರ್ದೇಶಕರ ಫೋನು ಬಂತು. "ಸಂಗೀತ ಕಂತಿನಿಂದ ಕಂತಿಗೆ ಗಂಭೀರ ಆಗ್ತಾ ಇದೆ ಸಾರ್, ಹೀಗೇ ಮುಂದುವರಿಸಿ" ಎಂದರು. ಮಾಸ್ತರರು ಮೂಲೆಯತ್ತ ಕಣ್ಣು ಹಾಯಿಸಿ, "ಇನ್ನ ಅರವತ್ತ ಚೀಲ ಅದಾವ್ರಿ. ಅವೂ ಹ್ವಾದ್ರ ಪೂರಾ ಗಂಭೀರ ಆಕ್ಕೈತಿ" ಎಂದು ಭರವಸೆ ಕೊಟ್ಟರು.

ಹನ್ನೊಂದನೆಯ ಕಂತಿನಲ್ಲಿ ಮನೆಯ ಹಿರಿಯಜ್ಜಿ ತೀರಿಕೊಳ್ಳುತ್ತಾಳೆ. ಊರವರು ಆಕೆಯನ್ನು ಮೆರವಣಿಗೆಯಲ್ಲಿ ಒಯ್ಯುವ ಚಿತ್ರ ಓಡುತ್ತಿರುವಾಗ ನಡುವೆ ಒಮ್ಮೆ ಮನೆಯನ್ನು ತೋರಿಸುತ್ತಾರೆ. ಒಲೆ ಹೊತ್ತಿಸದ ಮನೆಗೆ ನೆರೆಯವರು ಕಿಟ್ಲಿಯಲ್ಲಿ ಚಹಾ ತಂದಿಟ್ಟಿದ್ದಾರೆ. ಸೊಸೆ ರೂಢಿಯಂತೆ ಮೊದಲ ಕಪ್ಪು ಅಜ್ಜಿಗೆಂದು ಬಸಿದು, ಆಕೆ ಮಲಗುತ್ತಿದ್ದ ಖಾಲಿ ಹೊರಸಿನ ಹತ್ತಿರ ಹೋಗಿ, "ಅತ್ತೀ, ಚಾ ಆರಾಕತ್ತೈತಿ" ಎನ್ನುತ್ತಾಳೆ. ಅಷ್ಟೇ. ಮತ್ತೆ ಮೆರವಣಿಗೆ.

ಅದನ್ನು ಕೇಳಿದಾಗ ಮೊದಲ ಬಾರಿಗೆ ಮಾಸ್ತರರ ಬೆರಳು ನಿಂತಿತು. ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಲು ಹೇಳಿ, ಮತ್ತೊಮ್ಮೆ ಕೇಳಿ, "ಎಂಟ ಮಾತ್ರಿ" ಎಂದರು. ನಾಲ್ಕು ದಿನ ಕೂತು ಸಂಗೀತ ಕಟ್ಟಿದರು. ಕ್ಲಾರಿನೆಟ್ಟು, ಹಲಗೆ, ತಾಳ, ಎರಡು ತುತ್ತೂರಿ. ಸರಸರ ನಡೆಯುವ, ಹೆಗಲೆತ್ತಿ ನಡೆಯುವ ಧಾಟಿ. ನಟ್ಟನಡುವೆ ಎಲ್ಲವೂ ಒಮ್ಮೆಲೇ ನಿಲ್ಲುತ್ತದೆ. ಎಂಟು ಮಾತ್ರೆ ಏನೂ ಇಲ್ಲ. ಅದರೊಳಗೆ ಸೊಸೆಯ ಮಾತು. ಆಮೇಲೆ ಒಂಟಿ ಹಲಗೆ ಎದ್ದು ಉಳಿದವರನ್ನು ಎಬ್ಬಿಸುತ್ತದೆ. ಬೆರೆಸಿ ಮುಗಿಸಿ ಎಲ್ಲರೂ ಕೂತು ನೋಡಿದೆವು. ದಸ್ತಗೀರ್ ಚಾಚಾ ಕಣ್ಣೊರೆಸಿಕೊಂಡು "ತಂಬಾಕಿನ ಘಾಟು" ಎಂದರು. ಗೋದಾಮಿನಲ್ಲಿ ಆಗ ಒಂದು ಚೀಲವೂ ಉಳಿದಿರಲಿಲ್ಲ.

ಕ್ಯಾಸೆಟ್ಟು ಬಸ್ಸಿಗೆ ಹಾಕಿದ ನಾಲ್ಕನೆಯ ದಿನ ಬೆಂಗಳೂರಿನಿಂದ ನಿರ್ದೇಶಕರ ಫೋನು. "ಏನ್ರೀ ಇದು? ಅಜ್ಜಿ ಸತ್ತಿದ್ದಾಳೆ, ನೀವು ಮದುವೆ ದಿಬ್ಬಣ ಕಳಿಸಿದ್ದೀರಲ್ಲ!"

"ದಿಬ್ಬಣನ ರೀ" ಎಂದರು ಮಾಸ್ತರರು. "ಎಂಬತ್ತ ವರ್ಷ ಬಾಳ್ಯಾಳ, ಮರಿಮೊಮ್ಮಕ್ಕಳನ್ನ ಎತ್ತಿ ಆಡ್ಸ್ಯಾಳ. ಅಂಥಾಕಿನ್ನ ನಿಮ್ಮ ಕಡಿ ಸುಮ್ಮನ ಒಯ್ತಾರೇನ್ರಿ?"

ಸುಮ್ಮನೆ ಒಯ್ಯುತ್ತಾರೆ ಎಂದು ತಿಳಿಯಿತು. ಮರುದಿನದ ಬಸ್ಸಿಗೆ ವಯಲಿನ್ನಿನ ಕ್ಯಾಸೆಟ್ಟು ಬಂತು, ಇದನ್ನೇ ಹಾಕಿ ಎಂಬ ಚೀಟಿಯೊಂದಿಗೆ. ಮಾಸ್ತರರು ದ್ರಾಕ್ಷಿಯ ಬಳ್ಳಿ ಕತ್ತರಿಸುವ ಕೆಲಸಕ್ಕೆ ಐಗಳಿಗೆ ಹೊರಟಿದ್ದರು. ಬಾಗಿಲಲ್ಲಿ ನಿಂತು ಹೇಳಿದರು:

"ನಂದು ತಗದು ಹಾಕ್ಲಿ, ಅಡ್ಡಿಲ್ಲ. ನಾನೇನು ಬ್ಯಾಸರ ಮಾಡ್ಕೊಳ್ಳಾವಲ್ಲ. ಆ ಹೆಣ್ಮಗಳು ಮಾತಾಡೂ ಮುಂದ ಒಂದೀಟ ಗುಂಡಿ ಇಳಸ್ರಿ. ಎಂಟ ಮಾತ್ರಿ. ಆಕಿದು ಅದೊಂದ ಮಾತು ಐತಿ."

ಹೂಂ ಎಂದೆ.

ಆ ಹೂಂ ಎರಡು ದಿನ ಬಾಳಿತು. ಬೆರೆಸುವ ಮಧ್ಯಾಹ್ನ ನಿರ್ದೇಶಕರು ಮತ್ತೆ ಫೋನು ಮಾಡಿ, "ವಯಲಿನ್ ಎಲ್ಲೂ ಇಳೀಬಾರದು, ಆ ಹೆಂಗಸಿನ ಮಾತು ಮುಚ್ಚಿಹೋದ್ರೂ ಚಿಂತೆಯಿಲ್ಲ. ಮುಂದಿನ ಸೀರಿಯಲ್ಲೂ ನಿಮಗೇ" ಎಂದರು. ನನಗೆ ಮುಂದಿನ ಸೀರಿಯಲ್ಲು ಬೇಕಿತ್ತು. ಆ ಮಾತು ಬರುವಾಗ ನನ್ನ ಬೆರಳು ಗುಂಡಿಯ ಮೇಲೇ ಇತ್ತು. ಇಳಿಸಲಿಲ್ಲ. ಮುಂದಿನ ಸೀರಿಯಲ್ಲು ಬಂದದ್ದೇನೋ ನಿಜ; ಅದರ ಸಂಗೀತವೆಲ್ಲ ಬೆಂಗಳೂರಿನಲ್ಲೇ ಆಯಿತು.

ಆ ಕಂತು ಪ್ರಸಾರವಾಗುವ ದಿನವನ್ನು ಮಾಸ್ತರರು ಮೊದಲೇ ಊರಿಗೆಲ್ಲ ಹೇಳಿಟ್ಟಿದ್ದರು. ಆ ಸಂಜೆ ಅವರ ಮನೆಯ ಪಡಸಾಲೆಯಲ್ಲಿ ಅರ್ಧ ಐಗಳಿ ಕೂತಿತ್ತು. ನಾನೂ ಹೋಗಿದ್ದೆ, ಹೋಗದಿದ್ದರೆ ಗುಮಾನಿ ಬರುತ್ತದೆ ಎಂದು. ಅಜ್ಜಿಯ ಮೆರವಣಿಗೆ ಹೊರಟಿತು, ವಯಲಿನ್ ಒಂದೇ ಸಮನೆ ಗೋಳಾಡಿತು. ಸೊಸೆ ಹೊರಸಿನ ಹತ್ತಿರ ಬಂದಳು, ಬಾಯಿ ಅಲ್ಲಾಡಿತು, ಏನೂ ಕೇಳಲಿಲ್ಲ. ಮಾಸ್ತರರ ಬೆರಳು ಮಾತ್ರ ತೊಡೆಯ ಮೇಲೆ ಎಂಟು ಸಲ ಬಿತ್ತು.

"ನಿನ್ನ ಕ್ಲಾರಿನೆಟ್ ಎಲ್ಲೈತೋ ಬಾಳಪ್ಪಾ?" ಎಂದು ಯಾರೋ ಕೇಳಿದರು. "ಬಸ್ಸಿನಾಗ ಉಳೀತು" ಎಂದರು ಮಾಸ್ತರರು. ಎಲ್ಲರೂ ನಕ್ಕರು. ಹೊರಡುವಾಗ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದವರು ಮೆಲ್ಲಗೆ, "ಎಂಟ ಮಾತ್ರಿ ಇಳಿಸಿದ್ರ ಸಾಕಿತ್ತಲ್ರಿ" ಎಂದರು. ಅವತ್ತು ಗುಂಡಿ ಮಾಸ್ತರ ಎನ್ನಲಿಲ್ಲ. ಆಮೇಲೂ ಎಂದೂ ಆ ಹೆಸರಿನಿಂದ ಕರೆಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆ ಸಂಗೀತ ಮಾತ್ರ ಬಸ್ಸಿನಲ್ಲಿ ಉಳಿಯಲಿಲ್ಲ. ನಮ್ಮ ಗೋದಾಮಿನಲ್ಲಿ ಹಲಗೆ, ತುತ್ತೂರಿ ನುಡಿಸಿದ ಅಥಣಿಯ ಬ್ಯಾಂಡಿನವರು ಅದನ್ನು ಒಬ್ಬ ಹಿರಿಯರ ಮೆರವಣಿಗೆಯಲ್ಲಿ ನುಡಿಸಿದರು. ಅವರಿಂದ ಕೇಳಿ ಕಾಗವಾಡದವರು ಕಲಿತರು, ಅಲ್ಲಿಂದ ರಾಯಬಾಗಕ್ಕೂ ಚಿಕ್ಕೋಡಿಗೂ ಹೋಯಿತು. ಕೇಳಿ ಕಲಿತವರು ಇದ್ದದ್ದನ್ನು ಇದ್ದಂತೆಯೇ ಕಲಿಯುತ್ತಾರೆ. ನಟ್ಟನಡುವೆ ಬ್ಯಾಂಡೆಲ್ಲ ನಿಲ್ಲುತ್ತಿತ್ತು. ಬ್ಯಾಂಡು ನಿಂತಿತೆಂದು ಹೊರುವವರೂ ನಿಲ್ಲತೊಡಗಿದರು. ನಾಲ್ಕೈದು ವರ್ಷದಲ್ಲಿ ಅದೊಂದು ಸಂಪ್ರದಾಯವೇ ಆಗಿಹೋಯಿತು. ಸತ್ತವರು ಊರನ್ನು ಕೊನೆಯ ಸಲ ಹೊರಳಿ ನೋಡಲಿ ಎಂದು ನಿಲ್ಲುತ್ತಾರೆಂದು ರಾಯಬಾಗದ ಹಿರಿಯರೊಬ್ಬರು ನನಗೇ ವಿವರಿಸಿದರು. ಇದು ಅಜ್ಜನ ಕಾಲದಿಂದ ನಡೆದು ಬಂದದ್ದು ಎಂದೂ ಸೇರಿಸಿದರು. ನಾನು ತಲೆಯಾಡಿಸಿದೆ. ಯಾಕೆ ನಿಲ್ಲುತ್ತೀರಿ ಎಂದು ಮಾಸ್ತರರನ್ನು ಯಾರಾದರೂ ಕೇಳಿದರೆ, "ಉಸುರು ತಗೊಳ್ಳಾಕ" ಎನ್ನುತ್ತಿದ್ದರು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಎಪ್ಪತ್ತು ದಾಟಿದ ಮೇಲೆ, ಮಾಸ್ತರರು ಹೋದರು. ಐಗಳಿಗೆ ಹೋದೆ. ಜರಿಯ ರುಮಾಲು ಸುತ್ತಿ, ವಿಭೂತಿ ಹಚ್ಚಿ ಕೂರಿಸಿದ್ದರು. ಬಲಗೈ ತೊಡೆಯ ಮೇಲಿತ್ತು. ಮೆರವಣಿಗೆ ಹೊರಟಿತು, ಅಥಣಿಯ ಬ್ಯಾಂಡು ಅದನ್ನೇ ನುಡಿಸಿತು. ಬಸ್ ನಿಲ್ದಾಣದ ತಿರುವಿನಲ್ಲಿ ಕ್ಲಾರಿನೆಟ್ಟು, ಹಲಗೆ, ತಾಳ, ತುತ್ತೂರಿ ಎಲ್ಲವೂ ಒಮ್ಮೆಲೇ ನಿಂತವು. ಹೊರುವವರು ನಿಂತರು. ಗುಲಾಲು ತುಂಬಿದ ಕೈಗಳು ನಿಂತವು. ಬ್ಯಾಂಡಿನಲ್ಲಿ ಈಗ ಎಲ್ಲ ಹೊಸ ಹುಡುಗರು; ಇಡೀ ಊರಿನಲ್ಲಿ ಆ ಜಾಗ ಯಾರದೆಂದು ಗೊತ್ತಿದ್ದವನು ನಾನೊಬ್ಬನೇ.

"ಅತ್ತೀ, ಚಾ ಆರಾಕತ್ತೈತಿ" ಎಂದೆ, ಎಲ್ಲರಿಗೂ ಕೇಳುವಂತೆ.

ಪಕ್ಕದಲ್ಲಿದ್ದ ಮಾಸ್ತರರ ತಮ್ಮ ಕೆಂಪಗಾದ ಕಣ್ಣೆತ್ತಿ ನನ್ನನ್ನು ನೋಡಿ, "ನಿಮ್ಮ ಅತ್ತಿಯವ್ರೂ ಬಂದಾರೇನ್ರಿ?" ಎಂದು ಕೇಳಿದ.

ಇಲ್ಲವೆನ್ನುವಷ್ಟರಲ್ಲಿ ಎಂಟು ಮಾತ್ರೆ ಮುಗಿದು ಹಲಗೆ ಎದ್ದಿತು.