ಚಿಕ್ಕಕ್ಕನ ಎದೆಯ ನೇಯ್ಗೆ

ಸಣ್ಣರಂಗಯ್ಯ ನೇಯ್ದ ಕಂಬಳಿಯಲ್ಲಿ ತಪ್ಪು ಹುಡುಕುವ ಕಷ್ಟ ಕೊಳ್ಳುವವರಿಗೆ ಇರಲಿಲ್ಲ. ಆತನೇ ಹುಡುಕಿ ಇಟ್ಟಿರುತ್ತಿದ್ದ. ಎಲ್ಲಿ ನೂಲು ಕಿತ್ತು ಗಂಟು ಹಾಕಿದ್ದನೋ, ಎಲ್ಲಿ ಎಳೆ ಜಾರಿತ್ತೋ, ಆ ಜಾಗಕ್ಕೆ ನೇರವಾಗಿ ಅಂಚಿನಲ್ಲಿ ಒಂದು ಕೆಂಪು ದಾರ ಕಟ್ಟುತ್ತಿದ್ದ. ಆತನ ಅಪ್ಪನೂ ಹಾಗೆ ಕಟ್ಟುತ್ತಿದ್ದನಂತೆ. ಶಿರಾದ ವ್ಯಾಪಾರಿಗಳಿಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. "ತನ್ನ ಮಾಲಿಗೆ ತಾನೇ ಐಬು ಹೇಳ್ಕೊಳ್ಳೋನ್ನ ನಾನೆಲ್ಲೂ ಕಾಣ್ನಪ್ಪ," ಎಂದು ಒಬ್ಬರು ನೇರವಾಗಿ ಹೇಳಿಯೂಬಿಟ್ಟರು. ಸಣ್ಣರಂಗಯ್ಯ ಕೇಳಿಸಿಕೊಂಡು, ಅವರೆದುರೇ ಇನ್ನೊಂದು ತಪ್ಪು ಕಂಡು, ಅಲ್ಲಿಗೂ ಒಂದು ದಾರ ಕಟ್ಟಿದ. ಅಂಥ ಮನುಷ್ಯ.

ಹಾಗಾಗಿಯೇ ಆತನ ಮನೆಯಿಂದ ದಾರವಿಲ್ಲದ ಕಂಬಳಿ ಹೊರಬಿತ್ತೆಂದರೆ ಜನ ಬಿಚ್ಚಿಯೂ ನೋಡದೆ ಹೊತ್ತುಕೊಂಡು ಹೋಗುತ್ತಿದ್ದರು. ಅಂಥವು ಐವತ್ತು ವರ್ಷದಲ್ಲಿ ಬೆರಳೆಣಿಕೆಯಷ್ಟು. ಅವನ್ನು ನೋಡಿಯೂ ಆತ ಹೇಳುತ್ತಿದ್ದದ್ದು "ಆಗ್ಬೋದು" ಅಂತ ಮಾತ್ರ. "ಚೆನ್ನಾಗೈತೆ" ಎಂಬ ಮಾತು ಆತನ ಬಾಯಿಂದ ಬಂದದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ.

ಊರು ಶಿರಾದಿಂದ ಮಧುಗಿರಿಗೆ ಹೋಗುವ ರಸ್ತೆಯ ಬದಿಗಿದೆ. ಹಿಂದೆ ಅಲ್ಲಿ ಮನೆಗೊಂದು ಗುಂಡಿ ಮಗ್ಗ ಇತ್ತು, ಈಗ ಉಳಿದಿರುವುದು ಮೂರೇ. ಎಪ್ಪತ್ನಾಲ್ಕರ ಸಣ್ಣರಂಗಯ್ಯ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರೆ, ಎಪ್ಪತ್ತೊಂದರ ಹೆಂಡತಿ ಚಿಕ್ಕಕ್ಕ ಮಾರು ದೂರದಲ್ಲಿ ರಾಟೆ ಹಿಡಿದು ಕುರಿ ಉಣ್ಣೆ ನೂಲುತ್ತಿದ್ದಳು. ಮದುವೆಯಾದ ಮೂರನೇ ದಿನ ತಾನು ನೂತ ಮೊದಲ ಉಂಡೆ ಕೊಟ್ಟು "ಹೆಂಗೈತೆ?" ಎಂದು ಕೇಳಿದ್ದಳು. "ಆಗ್ಬೋದು" ಎಂದಿದ್ದ. ಆಮೇಲೆ ಅವಳು ಕೇಳಲಿಲ್ಲ, ಆತ ಹೇಳಲಿಲ್ಲ. ಕಷ್ಟಸುಖದ ಮಾತುಗಳೆಲ್ಲ ಬಂದುಹೋದವು, ಇದೊಂದು ಮಾತು ಮಾತ್ರ ಹಾಗೇ ಉಳಿದುಬಿಟ್ಟಿತು.

ಹೋದ ವರ್ಷ ಇಬ್ಬರೂ ಮಧುಗಿರಿಯ ಕಣ್ಣಿನ ಶಿಬಿರಕ್ಕೆ ಹೋದರು. ಇಬ್ಬರಿಗೂ ಪೊರೆ ಬಂದಿತ್ತು. ಕಣ್ಣಿನ ಆಪರೇಷನ್ನಿಗೆ ಮುಂಚೆ ಮಾಡುವ ಪರೀಕ್ಷೆಯಲ್ಲಿ ಚಿಕ್ಕಕ್ಕನ ಎದೆಯ ಎಕ್ಸ್‌ರೇ ನೋಡಿದ ಡಾಕ್ಟರು, "ಕಣ್ಣು ಆಮೇಲಾಗಲಿ ಅಜ್ಜಿ, ಮೊದಲು ಎದೆ ತೋರಿಸಿ," ಎಂದುಬಿಟ್ಟರು. ಮಧುಗಿರಿ ಕೋರ್ಟಿನಲ್ಲಿ ಅಟೆಂಡರ್ ಆಗಿದ್ದ ಮಗಳು ಗಂಗಲಕ್ಷ್ಮಿ ರಜೆ ಹಾಕಿ ತಾಯಿಯನ್ನು ತುಮಕೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದಳು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೃದಯದ ಆಪರೇಷನ್ ಮಾಡುವ ಡಾಕ್ಟರ್ ರಕ್ಷಾ ತಿಂಗಳಿಗೊಮ್ಮೆ ಮಧುಗಿರಿಯ ನರ್ಸಿಂಗ್ ಹೋಮಿಗೆ ಬಂದು ರೋಗಿಗಳನ್ನು ನೋಡುತ್ತಿದ್ದರು. ಮೂವರೂ ಸ್ಕ್ಯಾನಿನ ಕವರು ಹಿಡಿದು ಅವರ ಮುಂದೆ ಕೂತರು.

ರಕ್ಷಾ ಹೊಳವನಹಳ್ಳಿ ಕಡೆಯವರು. ಸುತ್ತಿ ಬಳಸದೆ ಹೇಳಿದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಎರಡು ಬೆರಳು ದಪ್ಪ ಇರಬೇಕಾದದ್ದು ನಾಲ್ಕು ಬೆರಳಾಗಿದೆ. ಉಬ್ಬಿದಷ್ಟೂ ಗೋಡೆ ತೆಳುವಾಗುತ್ತದೆ, ಒಂದು ದಿನ ಒಡೆಯುತ್ತದೆ. ಒಡೆದರೆ ಆಸ್ಪತ್ರೆಗೆ ಬರುವಷ್ಟು ಹೊತ್ತೂ ಸಿಗಲಿಕ್ಕಿಲ್ಲ. ಉಬ್ಬಿದ ಭಾಗವನ್ನು ಕತ್ತರಿಸಿ ತೆಗೆದು, ಬಟ್ಟೆಯ ಕೊಳವೆ ಇಟ್ಟು ಹೊಲಿಯಬೇಕು.

"ಬಟ್ಟೇನಾ?" ಎಂದಳು ಚಿಕ್ಕಕ್ಕ. ಅಲ್ಲಿಯವರೆಗೆ ಅವಳು ಯಾರದೋ ಕಾಯಿಲೆ ಎಂಬಂತೆ ಕೂತಿದ್ದಳು.

"ಹೂಂ ಅಜ್ಜಿ. ನೇಯ್ದ ಬಟ್ಟೆ."

"ಹಂಗಾದ್ರೆ ನನ್ನೇನ್ ಕೇಳ್ತೀಯವ್ವ, ಇವ್ರನ್ನ ಕೇಳು. ಇವ್ರು ಬಟ್ಟೆ ಮುಟ್ಟಿ ನೋಡಿ ಆಗ್ಬೋದು ಅಂದ್ರೆ ನಾನು ಬತ್ತೀನಿ. ಬ್ಯಾಡ ಅಂದ್ರೆ ಮನೇಲೇ ಇರ್ತೀನಿ."

ಗಂಗಲಕ್ಷ್ಮಿ ಹಣೆ ಒತ್ತಿಕೊಂಡಳು. ಎಷ್ಟು ಹೇಳಿದರೂ ಚಿಕ್ಕಕ್ಕ ಜಗ್ಗಲಿಲ್ಲ. ಕೊನೆಗೆ ರಕ್ಷಾ, "ಭಾನುವಾರ ನಮ್ಮಮ್ಮನ ಮನೆಗೆ ಬರ್ತೀನಿ, ಹೊಳವನಹಳ್ಳಿಗೆ. ತೋರಿಸೋಕೆ ಅಂತ ಒಂದು ಇಟ್ಟಿರ್ತೀವಿ, ತರ್ತೀನಿ. ಅಜ್ಜ, ನೀವು ಬನ್ನಿ. ಆದ್ರೆ ಅದಕ್ಕಿಂತ ತಡ ಮಾಡಬೇಡಿ," ಎಂದರು.

ಆ ನಾಲ್ಕು ದಿನ ಸಣ್ಣರಂಗಯ್ಯ ಮಗ್ಗದಲ್ಲಿ ಕೂತನಾದರೂ ಕೈ ಓಡಲಿಲ್ಲ. ಒಂದು ಮೊಳ ನೇಯುವಷ್ಟರಲ್ಲಿ ಏಳು ಕಡೆ ದಾರ ಕಟ್ಟಬೇಕಾಯಿತು. ಚಿಕ್ಕಕ್ಕ ಕೆಮ್ಮಿದರೆ ಲಾಳಿ ನಿಲ್ಲುತ್ತಿತ್ತು. ಅವಳು ಕೊಡ ಎತ್ತಲು ಹೋದರೆ ಈ ಮನುಷ್ಯ ಗುಂಡಿಯಿಂದ ದಡಬಡಿಸಿ ಎದ್ದು ಬಂದು ಕೊಡ ಕಿತ್ತುಕೊಳ್ಳುತ್ತಿದ್ದ. "ಐವತ್ತು ವರ್ಸಕ್ಕೆ ಈಗ ನೀರು ಹೊರೋಕೆ ಬಂದ ನೋಡು," ಎಂದು ಅವಳು ನಗುತ್ತಿದ್ದಳು. ಆತನಿಗೆ ನಗು ಬರಲಿಲ್ಲ. ಯಾರದೋ ಊರಿನ ಯಾರದೋ ಬಟ್ಟೆಗೆ ತಾನು ಹೂಂ ಅನ್ನಬೇಕು. ಅದು ಕೆಟ್ಟದ್ದಾಗಿದ್ದರೆ ಸಾಯುವವಳು ಇವಳು.

ಭಾನುವಾರ ಮಧುಗಿರಿಯಲ್ಲಿ ಬಸ್ಸು ಹಿಡಿದು, ಕೊರಟಗೆರೆಯಲ್ಲಿ ಇನ್ನೊಂದು ಹತ್ತಿ, ಒಬ್ಬನೇ ಹೊಳವನಹಳ್ಳಿಗೆ ಹೋದ. ಡಾಕ್ಟರ ತಾಯಿ ಜಗುಲಿಯ ಮೇಲೆ ಚಾಪೆ ಹಾಕಿ ಕಾಫಿ ಕೊಟ್ಟರು. ರಕ್ಷಾ ಡಬ್ಬಿಯಿಂದ ಬಿಳಿಯ ಕೊಳವೆಯೊಂದನ್ನು ತೆಗೆದರು. ಗೇಣುದ್ದ, ಮೈತುಂಬ ಸಣ್ಣ ಸಣ್ಣ ನಿರಿಗೆ.

ಸಣ್ಣರಂಗಯ್ಯ ಮೊದಲು ಎದ್ದು ಹೋಗಿ ನಲ್ಲಿಯಲ್ಲಿ ಕೈ ತೊಳೆದು ಪಂಚೆಗೆ ಒರೆಸಿಕೊಂಡು ಬಂದ. ಪೊರೆ ಬಂದ ಕಣ್ಣಿಗೆ ಎಳೆ ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿ, ಹೆಬ್ಬೆರಳಿನ ಉಗುರನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಎಳೆದ. ತಿರುಗಿಸಿ ಮತ್ತೆ ಎಳೆದ. ಒಳಗೆ ಬೆರಳಿಟ್ಟು ಮೂರನೇ ಸಲ ನೋಡಿದ. ಕೆಂಪು ದಾರ ಕಟ್ಟಲು ಒಂದು ಜಾಗಕ್ಕಾಗಿ ಹುಡುಕಿದ. ಸಿಗಲಿಲ್ಲ.

"ಮಿಷನ್ದು," ಎಂದ.

"ಹೌದಜ್ಜ."

"ಮನುಷ್ಯನ ಕೈಗೆ ಇಂಗೆ ಬರಕಿಲ್ಲ. ಗಂಜಿ ಏನ್ ಹಾಕವ್ರೆ?"

"ಗಂಜಿ?"

"ಎಳೆ ಸಂದೀಲಿ ರಕ್ತ ಸೋರಬಾರ್ದಲ್ವಾ? ನಾವು ಹುಣಸೆಬೀಜದ ಗಂಜಿ ಹಚ್ಚಿ ಎಳೆ ಕೂರಿಸ್ತೀವಿ."

ರಕ್ಷಾ ಕಾಫಿ ಲೋಟ ಕೆಳಗಿಟ್ಟರು. ಸೋರದಂತೆ ಒಂದು ಲೇಪ ಹಚ್ಚಿಯೇ ಬರುತ್ತದೆ, ಹಿಂದೆಲ್ಲ ರೋಗಿಯ ರಕ್ತದಲ್ಲೇ ಅದ್ದಿ ಹೆಪ್ಪುಗಟ್ಟಿಸಿ ಹೊಲಿಯುತ್ತಿದ್ದರು ಎಂದು ವಿವರಿಸಿದರು. ಆತ ತಲೆಯಾಡಿಸಿದ. ಆದರೂ ಕೊಳವೆಯನ್ನು ಕೆಳಗಿಡಲಿಲ್ಲ.

"ಇದ್ರಲ್ಲಿ ನಂಗೆ ಅನುಮಾನ ಇಲ್ಲ ಡಾಕ್ಟ್ರಮ್ಮ. ಹಳೇ ಕಂಬಳಿಗೆ ಹೊಸ ತುಂಡು ಹೊಲಿದ್ರೆ ಹೊಸದು ಹರಿಯಲ್ಲ, ಹೊಲಿಗೇನೂ ಹರಿಯಲ್ಲ. ಹೊಲಿಗೆ ಪಕ್ಕದಾಗೆ ಹಳೇದು ಹರೀತದೆ. ಅದ್ಕೇನ್ ಮಾಡ್ತೀಯ?"

ರಕ್ಷಾ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. ಅವರ ಮುಂದೆ ಕೂತು ಎಷ್ಟು ದಿನ ಆಸ್ಪತ್ರೆಯಲ್ಲಿರಬೇಕು, ಏನು ಪಥ್ಯ ಎಂದು ಕೇಳುವವರು ದಿನಾ ಬರುತ್ತಾರೆ. ಡಾಕ್ಟರ ನಿದ್ದೆ ಕೆಡಿಸುವ ಈ ಪ್ರಶ್ನೆಯನ್ನು ಯಾವ ರೋಗಿಯ ಗಂಡನೂ ಕೇಳಿರಲಿಲ್ಲ.

"ವಯಸ್ಸಾದವರಲ್ಲಿ ನಮ್ಮ ಕಷ್ಟವೇ ಅದು ಅಜ್ಜ," ಎಂದರು. ಡಬ್ಬಿಯ ತಳದಿಂದ ದಪ್ಪನೆಯ ಬಿಳಿ ಪಟ್ಟಿಯೊಂದನ್ನು ತೆಗೆದು ಆತನ ಅಂಗೈಮೇಲಿಟ್ಟರು. "ಹಳೇ ನಾಳದ ಒಳಗೊಂದು, ಹೊರಗೊಂದು ಈ ಪಟ್ಟಿ ಇಟ್ಟು, ಎಲ್ಲಾನೂ ಸೇರಿಸಿ ಹೊಲೀತೀವಿ. ದಾರ ನಾಳಾನ ಕೊಯ್ಯಲ್ಲ, ಪಟ್ಟಿ ಮೇಲೆ ಕೂರುತ್ತೆ."

ಆತ ಪಟ್ಟಿಯನ್ನು ಹಿಸುಕಿ ನೋಡಿದ. "ಇದು ನೇಯ್ದಿದ್ದಲ್ಲ. ಒತ್ತಿ ಮಾಡಿರೋದು."

"ಹೌದು."

"ಸರಿಯಾಗೈತೆ ಲೆಕ್ಕ," ಎಂದ ಸಣ್ಣರಂಗಯ್ಯ. ಪಟ್ಟಿಯನ್ನು ವಾಪಸು ಕೊಡುತ್ತ, "ಇಷ್ಟು ಮಾಡಿದ್ರೂ ಹರಿಯೋದುಂಟಾ?" ಎಂದು ಕೇಳಿದ.

"ಅಜ್ಜಿ ವಯಸ್ಸಿಗೆ, ಅವರ ಮೈಕಟ್ಟಿಗೆ, ನೂರು ಜನರಲ್ಲಿ ತೊಂಬತ್ನಾಲ್ಕು ಜನ ಎದ್ದು ಮನೆಗೆ ಹೋಗ್ತಾರೆ. ಆರು ಜನ ಹೋಗಲ್ಲ. ಸುಳ್ಳು ಹೇಳಲ್ಲ ನಿಮಗೆ."

ಸಣ್ಣರಂಗಯ್ಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ. ಬಟ್ಟೆ ಕೆಟ್ಟದ್ದಾಗಿದ್ದರೆ ಒಳ್ಳೆಯದಿತ್ತು, ಬೇಡ ಎಂದುಬಿಡಬಹುದಿತ್ತು. ಬಟ್ಟೆ ಸರಿಯಾಗಿದೆ, ಹೊಲಿಯುವ ಕೈ ಸರಿಯಾಗಿದೆ. ಇರುವ ತಪ್ಪೆಲ್ಲ ಚಿಕ್ಕಕ್ಕನಲ್ಲಿ ಇದೆ. ದೂರದಲ್ಲಿ ಮಧುಗಿರಿಯ ಏಕಶಿಲೆ ಕಾಣಿಸಿಕೊಂಡಾಗ, ಆರು ಜನರ ಮಾತನ್ನು ಅವಳಿಗೆ ಹೇಳದೆ ನುಂಗಿಕೊಳ್ಳೋಣವೇ ಎಂಬ ಯೋಚನೆಯೂ ಬಂತು. ಕೊಳ್ಳುವವರಿಗೆ ಎರಡೆಳೆ ಜಾರಿದ್ದನ್ನೂ ಮುಚ್ಚಿಡದವನು ಹೆಂಡತಿಗೆ ಇದನ್ನು ಹೇಗೆ ಮುಚ್ಚಿಡುವುದು?

ಚಿಕ್ಕಕ್ಕ ರಾಟೆ ಮುಂದೆ ಕೂತಿದ್ದಳು. "ಹೆಂಗೈತೆ ಬಟ್ಟೆ?"

"ಬಟ್ಟೇಲಿ ತಪ್ಪಿಲ್ಲ."

ಅವಳ ಕೈ ನಿಂತಿತು. ಈ ಮಾತನ್ನು ಅವಳು ಈ ಮನೆಯಲ್ಲಿ ಕೇಳಿದ್ದೇ ಕಡಿಮೆ. "ಮತ್ತೆ ಮಕ ಯಾಕಂಗೈತೆ?"

"ಹೊಲಿಯೋ ತಾವ ಹಳೇದು ತಡೀಬೇಕಂತೆ ಕಣೇ. ನೂರಕ್ಕೆ ಆರು ಜನಕ್ಕೆ ತಡೆಯಕಿಲ್ವಂತೆ."

ಚಿಕ್ಕಕ್ಕ ಉಂಡೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಕೇಳಿದಳು: "ಆ ಹಳೇದ್ನ ಡಾಕ್ಟ್ರಮ್ಮ ಒಂದ್ಸಲ ನೋಡವ್ಳೆ. ನೀನು ಐವತ್ತು ವರ್ಸದಿಂದ ನೋಡಿದ್ದೀಯ. ನೀನು ಹೇಳು. ತಡೀತದಾ?"

ಯಾವುದಕ್ಕೂ ಉಗುರು ಎಳೆದು ನೋಡದೆ ಮಾತಾಡದ ಮನುಷ್ಯ. ಇದನ್ನು ಉಗುರಿನಲ್ಲಿ ಎಳೆದು ನೋಡುವಂತಿರಲಿಲ್ಲ. ಭಯವಿತ್ತು. ಅವಳಿಲ್ಲದ ಮನೆಯ ಭಯ.

"ತಡೀತದೆ," ಎಂದ.

"ಹಂಗಾದ್ರೆ ನಡಿ," ಎಂದಳು ಅವಳು.

ಬೆಂಗಳೂರಿನಲ್ಲಿ ಆಪರೇಷನ್ನಿಗೆ ಆರು ಗಂಟೆ ಹಿಡಿಯಿತು. ಗಂಗಲಕ್ಷ್ಮಿ ಬಾಗಿಲಿನಿಂದ ಕುರ್ಚಿಗೆ, ಕುರ್ಚಿಯಿಂದ ಬಾಗಿಲಿಗೆ ಓಡಾಡಿದಳು. ಸಣ್ಣರಂಗಯ್ಯ ಕೂತ ಕಡೆಯಿಂದ ಕದಲಲಿಲ್ಲ. ಹೊರಡುವಾಗ ಅಂಗಿಯ ಜೇಬಿಗೆ ಹೆಂಡತಿ ಕೊನೆಗೆ ನೂತ ಉಂಡೆಯನ್ನು ಹಾಕಿಕೊಂಡು ಬಂದಿದ್ದ. ಅದನ್ನು ಬಿಚ್ಚಿ ಎಳೆಯನ್ನು ಬೆರಳಸಂದಿಯಲ್ಲಿ ಓಡಿಸುತ್ತ ಹೋದ. ಎದೆಯೊಳಗೆ ಸಾವು ಉಬ್ಬುತ್ತಿದ್ದ ದಿನಗಳಲ್ಲಿ ನೂತ ನೂಲು. ಎಲ್ಲೂ ದಪ್ಪವಿಲ್ಲ, ಎಲ್ಲೂ ಸಣಕಲಿಲ್ಲ, ಒಂದೇ ಸಮ. ಉಂಡೆ ಪೂರ್ತಿ ಬಿಚ್ಚಿ, ಪೂರ್ತಿ ಸುತ್ತಿ, ಮತ್ತೆ ಬಿಚ್ಚಿದ. ಮೊದಲ ಉಂಡೆ ಕೊಟ್ಟು ಆವತ್ತು ಅವಳು ಕೇಳಿದಾಗಲೇ ಹೇಳಿದ್ದರೆ ಏನು ಕಳೆದುಹೋಗುತ್ತಿತ್ತು ಎಂದು ಆತನಿಗೆ ಅನ್ನಿಸಿತು. ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಂಡ.

ಹಸಿರು ಟೋಪಿಯನ್ನೂ ತೆಗೆಯದೆ ರಕ್ಷಾ ಹೊರಗೆ ಬಂದರು. ಮಗಳನ್ನು ದಾಟಿ ಸೀದಾ ಆತನ ಮುಂದೆ ನಿಂತರು.

"ಅಜ್ಜ, ತಡೀತು."

ಆತ ಎದ್ದು ಕೈ ಮುಗಿಯಲು ಹೋದ. ಕೈಗೆಲ್ಲ ನೂಲು ಸುತ್ತಿಕೊಂಡಿತ್ತು.

ಮೂರು ತಿಂಗಳು ತೋಳೆತ್ತಿ ಕೆಲಸ ಮಾಡಬಾರದು, ರಾಟೆಯಂತೂ ಮುಟ್ಟಲೇಬಾರದು ಎಂದು ಹೇಳಿ ಕಳಿಸಿದರು. ಹಾಗಾಗಿ ಸಣ್ಣರಂಗಯ್ಯ ನೂಲಲು ಕೂತ. ಐವತ್ತು ವರ್ಷ ಪಕ್ಕದಲ್ಲೇ ನೋಡಿದ ಕೆಲಸ, ಬರುತ್ತದೆ ಅಂದುಕೊಂಡಿದ್ದ. ಎಳೆ ಒಂದು ಕಡೆ ಹಗ್ಗ, ಒಂದು ಕಡೆ ಕೂದಲು. ಚಿಕ್ಕಕ್ಕ ಗೋಡೆಗೊರಗಿ ಕೂತು, ಕೆಂಪು ದಾರದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಆತ ನೂತು ಕೊಟ್ಟದ್ದಕ್ಕೆಲ್ಲ ಒಂದೊಂದು ತುಂಡು ಕಟ್ಟತೊಡಗಿದಳು. ಸಂಜೆಯೊಳಗೆ ಉಂಡೆಯಲ್ಲಿ ಉಣ್ಣೆಗಿಂತ ಕೆಂಪೇ ಜಾಸ್ತಿಯಾಯಿತು.

"ಸಾಕ್ ಬುಡೇ," ಎಂದ ಆತ.

"ಇನ್ನೊಂದೇ ಒಂದು ದಾರ ಉಳಿದೈತೆ." ಅವಳು ಅದನ್ನು ಆತನ ಕಡೆ ಚಾಚಿದಳು. ಸೆರಗು ಸ್ವಲ್ಪ ಸರಿಸಿದಳು. ಕತ್ತಿನ ಗುಳಿಯಿಂದ ಕೆಳಕ್ಕೆ ಗೇಣುದ್ದದ ಹೊಲಿಗೆಯ ಗುರುತು ಒಣಗುತ್ತ ಬಂದಿತ್ತು. "ಇದ್ಕೂ ಕಟ್ಬುಡು. ತೇಪೆ ಹಾಕಿದ ಮಾಲು. ಯಾಕೆ ಹೇಳ್ಲಿಲ್ಲ ಅಂತ ನಾಳೆ ಯಾರೂ ಕೇಳೋ ಹಂಗಿರಬಾರ್ದು."

ಸಣ್ಣರಂಗಯ್ಯ ದಾರ ಹಿಡಿದು ಹತ್ತಿರ ಬಂದು ಕೂತ. ಎದ್ದು ಹೋಗಿ ಕೈ ತೊಳೆದು ಬಂದು ಮತ್ತೆ ಕೂತ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಗುರುತಿನ ಮೇಲಿನ ತುದಿಯಲ್ಲಿಟ್ಟು, ಉಗುರು ತಾಗಿಸದೆ, ಕೆಳಗಿನವರೆಗೂ ನಿಧಾನವಾಗಿ ತಂದ. ಎರಡನೇ ಸಲ, ಮೂರನೇ ಸಲ. ಅದರಡಿಯಲ್ಲಿ ಅವಳ ಹೃದಯ ಹೊಡೆದುಕೊಳ್ಳುವುದು ಬೆರಳಿಗೆ ತಿಳಿಯುತ್ತಿತ್ತು.

ಕೆಂಪು ದಾರವನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ.

"ಆಗ್ಬೋದು ಅನ್ನು ಮತ್ತೆ," ಎಂದಳು ಚಿಕ್ಕಕ್ಕ.

"ಚೆನ್ನಾಗೈತೆ ಕಣೇ," ಎಂದ ಸಣ್ಣರಂಗಯ್ಯ. "ಆವತ್ತೂ ಚೆನ್ನಾಗಿತ್ತು."